ಖಲ್ಫಾನ್ ತೆಗೆದ ಮುಚ್ಚಳ

"ಇವತ್ತು ಮೊದಲ ಹೆಸರು ನನ್ನದೇ" ಎಂದು ಖಲ್ಫಾನ್ ಘೋಷಿಸಿದಾಗ, ಜುವೈನಾ ಕಾರಿನ ಬಾಗಿಲನ್ನು ಕಿತ್ತು ಬರುವ ಹಾಗೆ ಬಡಿದಳು.

ಈದ್ ಹಬ್ಬದ ಎರಡನೆಯ ದಿನ. ತವರಿಗೆ ಹೊರಟವಳನ್ನು ಈ ಮನುಷ್ಯ ಆಗಲೇ ಮೂರು ಕಡೆ ಬಿಸಿಲಲ್ಲಿ ಇಳಿಸಿದ್ದ. ಎಲ್ಲ ಜಿಯೋಕ್ಯಾಶಿಂಗ್ ಮಹಿಮೆ! ಯಾರೋ ಬೆಟ್ಟದಲ್ಲಿ ಪೆಟ್ಟಿಗೆ ಬಚ್ಚಿಟ್ಟು ಫೋನಿನಲ್ಲಿ ಜಾಗದ ಗುರುತು ಹಾಕುತ್ತಾರೆ. ಇವನು ಹುಡುಕಿ, ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು ಬರುತ್ತಾನೆ. ಮುನ್ನೂರು ಪೆಟ್ಟಿಗೆ ಹುಡುಕಿದರೂ ಮೊದಲಿಗನಾಗುವ ಭಾಗ್ಯ ಬಂದಿರಲಿಲ್ಲ. ಇಂದು ಬೆಳಿಗ್ಗೆಯಷ್ಟೇ ಹೊಸದೊಂದು ಗುರುತು ಕಾಣಿಸಿತ್ತು, ಅದೂ ಅವಳ ತವರೂರಿನ ಅಂಚಿನಲ್ಲೇ.

"ನೋಡೇ, ಎಂಥಾ ಕಣಿವೆ!"

"ನಾನು ಹುಟ್ಟಿದ ಕಣಿವೆ ಕಣ್ರೀ, ನನಗೇ ತೋರಿಸ್ತೀರಾ? ಅಮ್ಮ ಊಟಕ್ಕೆ ಕಾಯ್ತಿದಾರೆ. ನನ್ನ ನಮಾಜು ಮುಗಿಯೋದ್ರೊಳಗೆ ಸಿಕ್ಕಿದ್ರೆ ಸರಿ. ಇಲ್ದಿದ್ರೆ ನಡ್ಕೊಂಡೇ ಹೋಗ್ತೀನಿ."

ಬಂಡೆಯ ಮರೆಯಲ್ಲಿ ಚಾಪೆ ಹಾಸಿ, ನನ್ನ ಕೋಪ ಇಳಿಸಪ್ಪಾ ಎಂದು ದೇವರನ್ನು ಬೇಡಿಕೊಂಡಳು. ಅರ್ಧ ಇಳಿದಿತ್ತು. ಅಷ್ಟರಲ್ಲಿ ಹೊಗೆಯ ವಾಸನೆ ಬಂತು.

ಖಲ್ಫಾನ್ ಹಸಿಮಣ್ಣು ಕೆರೆದು ದೊಡ್ಡ ತಗಡಿನ ಮುಚ್ಚಳವೊಂದನ್ನು ಎತ್ತಿ ಹಿಡಿದಿದ್ದ. "ಎಷ್ಟು ಚೆನ್ನಾಗಿ ಬಚ್ಚಿಟ್ಟಿದಾರೆ ನೋಡು. ಆದ್ರೆ ಯಾಕೋ ಬಿಸಿ..."

"ಮುಚ್ರೀ ಅದನ್ನ! ಶುವಾ ಗುಂಡಿ ಅದು!"

ಮಸ್ಕತ್‌ನಲ್ಲಿ ಬೆಳೆದವನಿಗೆ ಶುವಾ ತಟ್ಟೆಯಲ್ಲಷ್ಟೇ ಗೊತ್ತು. ಮಸಾಲೆ ಸವರಿದ ಮಾಂಸವನ್ನು ಈಚಲು ಗರಿಯ ಚೀಲದಲ್ಲಿ ಹೊಲಿದು, ನಿನ್ನೆ ಇಡೀ ಊರು ಸೇರಿ ಈ ಗುಂಡಿಯ ಕೆಂಡದ ಮೇಲಿಳಿಸಿತ್ತು. ನಾಳೆಯವರೆಗೆ ಗಾಳಿ ಸೋಕಬಾರದು. ಈಗ ಗಾಳಿ ನುಗ್ಗಿತು, ಬೆಂಕಿ ನಾಲಿಗೆ ಚಾಚಿತು. ಇಬ್ಬರೂ ಮುಚ್ಚಳ ಮತ್ತೆ ಹಾಕಿ, ಕೈಯಲ್ಲೇ ಮಣ್ಣು ಮೆತ್ತುವಷ್ಟರಲ್ಲಿ ಅವಳ ಸೋದರಮಾವ ಸುಲೈಯಮ್ ಕೋಲು ಹಿಡಿದು ಬಂದ.

"ಅಳಿಯಂದ್ರೇ, ಒಳಗೆ ಇಪ್ಪತ್ತೆರಡು ಮನೆ ಹಬ್ಬದೂಟ ಇದೆ. ನಿಮಗೇನು ಬೇಕಿತ್ತು?"

"ಪೆಟ್ಟಿಗೆ, ಮಾವಾ..."

"ಎಲ್ಲೂ ಅಗೀಬಾರ್ದು ಅಂತ ಇವರ ಆಟದಲ್ಲೇ ನಿಯಮ ಇದೆ ಮಾಮಾ," ಜುವೈನಾ ಹಲ್ಲು ಕಡಿದಳು. "ನನಗೆ ನೂರು ಸಲ ಪಾಠ ಮಾಡಿದಾರೆ."

"ಹಾಗಾದ್ರೆ ನಾಳೆ ತೆಗೆಯೋವರೆಗೂ ಇವರದೇ ಕಾವಲು. ಒಂದೆಳೆ ಹೊಗೆ ಬಂದ್ರೂ ಮಣ್ಣು ಮೆತ್ತಬೇಕು. ಏಳೋ ಹಾಗಿಲ್ಲ."

ಖಲ್ಫಾನ್ ಗುಂಡಿಯ ಪಕ್ಕದಲ್ಲೇ ಕೂತ. ಕೈಯ ಮಣ್ಣು ಒರೆಸಲು ಅಲ್ಲೇ ಇದ್ದ ಕಲ್ಲಿನ ಗೋಡೆಯತ್ತ ತಿರುಗಿದ ಜುವೈನಾಳಿಗೆ ಬಿರುಕಿನಲ್ಲೊಂದು ಹಸಿರು ಪೆಟ್ಟಿಗೆ ಕಾಣಿಸಿತು. ಒಳಗಿನ ಪುಸ್ತಕ ಪೂರ್ತಿ ಖಾಲಿ.

"ಜುವೈನಾ, ಇಲ್ಲಿ ಕೊಡೇ," ಅವನು ಕೂತಲ್ಲಿಂದಲೇ ಕೈ ಚಾಚಿದ. "ನನ್ನ ಬಂಗಾರ ಅಲ್ವಾ?"

"ಹೊಗೆ ಬರ್ತಿದೆ, ಅಲ್ನೋಡ್ರೀ."

ಅವನು ಮಣ್ಣಿಗೆ ಕೈ ಹಾಕಿದ. ಅವಳು ದೇವರ ಹೆಸರು ಹೇಳಿ ಪೆನ್ನೆತ್ತಿಕೊಂಡು, ಬರೆದದ್ದನ್ನು ಅವನಿಗೆ ಕೇಳುವಂತೆ ಓದಿದಳು:

"ಮೊದಲು ಕಂಡವಳು ಜುವೈನಾ. ಎರಡನೆಯವರು ಪಕ್ಕದಲ್ಲೇ ಇದ್ದಾರೆ, ನಾಳೆ ಬಿಡುವಾದ ಮೇಲೆ ಬರೆಯುತ್ತಾರೆ."