ನಡುವೆ ಹಾಸಿದ ಕಂಬಳಿ

ಕೂತರೆ ತಾನು ಸತ್ತಂತೆ, ಕೂರದಿದ್ದರೆ ಈ ಸಂಬಂಧ ಸತ್ತಂತೆ, ಯಾವುದು ವಾಸಿ? ಡಫಳಾಪುರದ ಶಂಕರೆಪ್ಪನ ಮನೆಗೆ ಕನ್ಯೆ ನೋಡಲು ಬಂದ ಅಮೋಗಸಿದ್ದ ಪಡಸಾಲೆಯಲ್ಲಿ ನಿಂತೇ ಇದ್ದ. ಮುಂದೆ ಬೀಗರಿಗೆಂದು ಹಾಸಿದ ಕರಿ ಕಂಬಳಿ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿಯೂ ಅವನಿಗೆ ಕಂಬಳಿಯೆಂದರೆ ಜೀವ ಹಾರುತ್ತಿತ್ತು. ತಾಗಿದರೆ ಸಾಕು, ಮೈಮೇಲೆ ಸಾವಿರ ಜರಿಹುಳು ಹರಿದಂತಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆ. ಕಂಬಳಿಯ ಮೇಲೆ ಕೂರದ್ದಕ್ಕೆ ಸೊಕ್ಕಿನವನೆನಿಸಿಕೊಂಡು ಈಗಾಗಲೇ ಐದು ಮನೆಗಳಿಂದ ಮರಳಿದ್ದ. ವಯಸ್ಸು ಮೂವತ್ತಾರು.

"ಯಾಕ್ರಿ ಪಾವಣ್ಯಾರ, ನಿಂತ್ರಲಾ! ಕುಂದ್ರಿ ಕುಂದ್ರಿ," ಎಂದು ಶಂಕರೆಪ್ಪ ಅತಿಥಿಯನ್ನು ಉಪಚರಿಸಿದ.

ಕಂಬಳಿಯ ಮೇಲೆ ಆರಾಮಾಗಿ ಕೂತಿದ್ದ ಸೋದರಮಾವ ಮಹಾಂತನಿಗೆ ಗುಟ್ಟು ಗೊತ್ತಿತ್ತು. "ಅಂವಾ ಕುಂದ್ರಾಂಗಿಲ್ರಿ. ಕಂಬಳಿ ಅಂದ್ರ ದೇವರು ಅಂತಾನ. ಲಗ್ನ ಆಗೂತನಾ ತುಳಿಯೂದಿಲ್ಲಂತ ಹರಕಿ ಹೊತ್ತಾನ," ಎಂದುಬಿಟ್ಟ.

ಶಂಕರೆಪ್ಪನ ಕಣ್ಣು ತುಂಬಿದವು. "ಈ ಕಾಲದಾಗ ಇಂಥಾ ಭಕ್ತಿ!" ಎಂದವನೇ ಪೆಟ್ಟಿಗೆಯಿಂದ ಹೊಸ ಕಂಬಳಿ ತೆಗೆದು ಅಮೋಗಸಿದ್ದನ ಹೆಗಲಿಗೆ ಹೊದಿಸಿದ.

ಅಮೋಗಸಿದ್ದ ಮಳೆಗೆ ಸಿಕ್ಕ ಕುರಿಮರಿಯಂತೆ ನಡುಗಿದ. ಹಲ್ಲು ಕಟಕಟ ಎಂದವು.

"ಅಯ್ಯ ನಮ್ಮಪ್ಪಾ, ಮೈಮ್ಯಾಗ ಬೀರಪ್ಪ ದೇವರು ಬಂದಾನ!" ಪಕ್ಕದ ಮನೆಯ ಮುದುಕಿ ಬೀರವ್ವ ದೇವರ ಅರಿಶಿನದ ಪುಡಿ, ಭಂಡಾರ, ಹಿಡಿಯಷ್ಟು ತಂದು ಅವನ ಹಣೆಗೆ ಬಳಿದಳು. "ಎಪ್ಪಾ, ನನ್ನ ಕರಿ ಆಡು ಕಳದು ಮೂರು ದಿನಾತು. ಎಲ್ಲೈತಿ?"

ಹೊರಗೆ ಓಡಿದರೆ ಸಾಕೆಂದು ಅವನು ಬಾಗಿಲ ಕಡೆ ಕೈ ಮಾಡಿದ. ಗ್ರಹಚಾರಕ್ಕೆ ಆಡು ಅಂಗಳದಲ್ಲೇ ನಿಂತಿತ್ತು. ಕೈಮುಗಿದ ಜನ ಪಡಸಾಲೆಯಲ್ಲಿ ತುಂಬಿಕೊಂಡರು.

ಆ ಗದ್ದಲದಲ್ಲೇ ಹುಡುಗಿ ಸುಮನ ಚಹಾ ತಂದಳು. ಹಾಸಿದ ಕಂಬಳಿಯ ಆಚೆ ಅಂಚಿನಲ್ಲಿ ನಿಂತು, ಮುಂದೆ ಹೆಜ್ಜೆಯಿಡದೆ, ಅಲ್ಲಿಂದಲೇ ಕೈ ಚಾಚಿದಳು. ಬಸಿ ನಡುಗಿ ಅರ್ಧ ಚಹಾ ಚೆಲ್ಲಿತು. ನನ್ನನ್ನು ಕಂಡು ಹೇಸಿದಳು ಎಂದುಕೊಂಡ ಅವನು. ಆದರೂ ಆ ಅಂಜಿದ ಕಣ್ಣುಗಳು ಅವನಿಗೆ ಹಿಡಿಸಿದವು.

ಮಗಳನ್ನು ಕೇಳಿ ಬರಲು ಒಳಗೆ ಹೋದ ಶಂಕರೆಪ್ಪ ಮುಖ ಬಾಡಿಸಿಕೊಂಡು ಬಂದ.

"ಹೇಳಾಕ ನಾಚಿಕಿರಿ. ಸಣ್ಣಾಕಿ ಇದ್ದಾಗಿಂದ ಆಕಿಗಿ ಕಂಬಳಿ ಅಂದ್ರ ಅಂಜಿಕಿ. ಹುಡುಗ ಚಲೋ ಅದಾನ, ಆದ್ರ ಕಂಬಳಿನ ದೇವರನ್ನಾವ್ರ ಮನ್ಯಾಗ ನಾ ಹೆಂಗ ಬಾಳೇ ಮಾಡ್ಲಿ ಅಂತ ಅಳಾಕತ್ತಾಳ."

ಅಮೋಗಸಿದ್ದ ಬಾಯಿ ತೆರೆದ. ಎದುರಿಗೆ ಬೀರವ್ವ ಆಡನ್ನು ಅಪ್ಪಿಕೊಂಡು ಅವನ ಕಾಲಿಗೆ ಬೀಳುತ್ತಿದ್ದಳು. ಬಾಯಿ ಮುಚ್ಚಿದ.

ಸಂಬಂಧ ಮುರಿದು ಊರಿಗೆ ಮರಳುವ ಜತ್ತದ ಬಸ್ಸಿನಲ್ಲಿ ಉಡುಗೊರೆ ಕಂಬಳಿ ಮಾವನ ತೊಡೆಯ ಮೇಲಿತ್ತು. ಅಮೋಗಸಿದ್ದ ಕಿಟಕಿಗೆ ಅಂಟಿ ಕೂತಿದ್ದ. ನನಗೂ ಅಂಜಿಕೆ ಎಂದು ಅವನು ಸುಮನಳಿಗೆ ಹೇಳಲಿಲ್ಲ.