ಅವ್ವನ ಜೋಗುಳ, ನನ್ನ ಬೆನ್ನು

“ಅವ್ವಾ, ಆಯಿಗಿ ಹಾಡಾಕ ದನಿ ಬಿದ್ದದಂದ್ರ, ನಿನಗ ಬೈಯಾಕ ಎಲ್ಲಿಂದ ಬರ್ತದ?”

ಹೀಗೆ ಕೇಳಿದವಳು ನನ್ನ ಮಗಳು ಅಂಜನಾ. ಆಯಿ ಎಂದರೆ ನನ್ನ ಹೆತ್ತವ್ವ ಕಲ್ಯಾಣಮ್ಮ. ತವರೂರು ವನದುರ್ಗದಲ್ಲಿ ನನ್ನ ತಮ್ಮ ದೇವಿಂದ್ರನ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇನ್ನೇನು ಬಂತು ಎನ್ನುವಾಗ ಅವಳ ಗಂಟಲು ಕಟ್ಟಿತು. ಅವಳು ಹಾಡದಿದ್ದರೆ ಪಕ್ಕದ ಮನೆಯ ಮರಿಲಿಂಗಮ್ಮ ಹಾಡುತ್ತಾಳೆ. ಜೋಗುಳದ ವಿಷಯದಲ್ಲಿ ಆ ಇಬ್ಬರ ನಡುವೆ ಸಿಂಹಾಸನದ ವ್ಯಾಜ್ಯವೇ ಇದೆ. “ನನ್ನ ಮೊಮ್ಮಗನ ತೊಟ್ಟಲಕ್ಕ ಆಕಿ ಹಾಡಿದ್ರ ನಾ ಊಟ ಮಾಡಂಗಿಲ್ಲ ನೋಡು,” ಎಂದು ಫೋನಿನಲ್ಲಿ ಪಿಸುಗುಟ್ಟಿದಳು. (ಬೈಗುಳ ಮಾತ್ರ ಪೂರ್ತಿ ದನಿಯಲ್ಲಿ ಬಂದವು.)

ನನ್ನ ಫೋನಿನಲ್ಲಿ ಅವಳ ಹಳೆಯ ಜೋಗುಳವೊಂದಿತ್ತು. ಅದನ್ನೇ ಹಚ್ಚೋಣವೆಂದೆ. ಬೇಡವಂತೆ. ಹೋದ ಸಲ ಯಾರದೋ ಮನೆಯಲ್ಲಿ ಹಾಗೆ ಹಚ್ಚಿದಾಗ ಹಾಡಿನ ನಡುವೆ ಯಾವನೋ ಕರೆ ಮಾಡಿ ಸಾಲ ಬೇಕೇ ಎಂದು ಕೇಳಿದ್ದನಂತೆ. ತಮ್ಮನ ಮದುವೆಯಲ್ಲಿ ಬಂದ ಸೀಡಿ ಪ್ಲೇಯರ್ ಇದೆ, ಸೀಡಿ ಮಾಡಿ ತಾ ಎಂದು ಅಪ್ಪಣೆಯಾಯಿತು.

ಈ ಕಾಲದಲ್ಲಿ ಖಾಲಿ ಸೀಡಿಗಾಗಿ ಶಹಾಪುರದ ಅಂಗಡಿಗಳನ್ನೆಲ್ಲ ಅಲೆದೆ. ಅದು ಇನ್ನೂ ಬರುತ್ತದೆಯೇ ಎಂದು ಅಂಗಡಿಯವನೊಬ್ಬ ನನ್ನನ್ನೇ ಕೇಳಿದ. ಕೊನೆಗೆ ಒಂದೇ ಒಂದು ಸಿಕ್ಕಿತು. ನಮ್ಮ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಅವ್ವನ ದನಿ ಕೇಳುತ್ತ ಕಣ್ಣು ಒದ್ದೆಯಾದದ್ದು ನಿಜ. ಹಾಡನ್ನು ಇಡಿಯಾಗಿಯೇ ಹಾಕಿಬಿಡು ಎಂದರು ಯಜಮಾನರು. ಗಂಡನ ಮಾತು ಕೇಳುವಷ್ಟು ಕೇಡುಗಾಲ ನನಗಿನ್ನೂ ಬಂದಿರಲಿಲ್ಲ. ಬೇಕಾದ ನುಡಿಯನ್ನೇ, ಅಂದರೆ ಚರಣವನ್ನೇ, ನೇರವಾಗಿ ಹಚ್ಚಲು ಬರಲೆಂದು ಒಂದೊಂದು ನುಡಿಯನ್ನೂ ಒಂದೊಂದು ಹಾಡಾಗಿ ಕತ್ತರಿಸಿದೆ. ಹಾಡು ಹಾಡಿನ ನಡುವೆ ಎರಡು ಸೆಕೆಂಡು ಮೌನ ಬಿಡಲೇ ಎಂದು ಸಾಫ್ಟ್‌ವೇರ್ ವಿನಯದಿಂದ ಕೇಳಿತು. ಬಿಡು ಎಂದೆ. ಅವ್ವನೂ ಉಸಿರಾಡಬೇಕಲ್ಲ.

ಇಲ್ಲಿ ನಮ್ಮ ಪದ್ಧತಿ ಹೇಳಬೇಕು. ಜೋಗುಳ ನಡೆದಷ್ಟು ಹೊತ್ತು ಸೋದರತ್ತೆ ತೊಟ್ಟಿಲ ಮೇಲೆ ಬಾಗಿರಬೇಕು. ಹಾಡು ನಿಂತೊಡನೆ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಆಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಸೋದರತ್ತೆ ನಾನೇ.

ಕಾರ್ಯದ ದಿನ ತಮ್ಮ ಸೀಡಿ ಹಚ್ಚಿದ, ನಾನು ತೊಟ್ಟಿಲ ಮೇಲೆ ಬಾಗಿದೆ. ಮೊದಲ ನುಡಿ ಮುಗಿಯಿತು. ಮೌನ. ಹೆಸರು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಧಬಧಬ ಗುದ್ದಿದರು. ಅವ್ವನ ದನಿ ಮತ್ತೆ ಎದ್ದಿತು. ಪಾಪ, ತಿಳಿಯದೆ ಗುದ್ದಿದರು ಎಂದುಕೊಂಡೆ. ಮೂರನೆಯ ನುಡಿಯ ಹೊತ್ತಿಗೆ ಹಾಡು ಇನ್ನೂ ಇದೆಯೆಂದು ತೊಟ್ಟಿಲೊಳಗಿನ ಕೂಸಿಗೂ ಗೊತ್ತಿತ್ತು. ಆದರೂ ಗುದ್ದಿದರು! ಎಲ್ಲರಿಗಿಂತ ಜೋರಾಗಿ ಮರಿಲಿಂಗಮ್ಮ. (ಹಾಡಲು ಬಿಡದ ಸಿಟ್ಟೆಲ್ಲ ಅವಳ ಮುಷ್ಟಿಗೆ ಇಳಿದಿತ್ತು.) ಪ್ಲೇಯರ್ ಬಂದ್ ಮಾಡು ಎಂದು ತಮ್ಮನಿಗೆ ಕೂಗಿದೆ.

“ಜೋಗುಳ ನಡುವ ನಿಲ್ಲಸಬಾರ್ದು, ಕೂಸಿಗಿ ಚೊಲೊ ಅಲ್ಲ. ಸುಮ್ಮ ಬಗ್ಗು,” ಎಂದಳು ಅವ್ವ.

ಅವಳ ಹಾಡಿಗೆ ಒಟ್ಟು ಒಂಬತ್ತು ನುಡಿ.

ಎಲ್ಲ ಮುಗಿದ ಮೇಲೆ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಅವ್ವ ತಣ್ಣಗೆ ಹೇಳಿದಳು: “ಮರಿಲಿಂಗಮ್ಮ ಸೋತಳವ್ವ. ಬರೂ ತಿಂಗಳ ಆಕಿ ಮೊಮ್ಮಗಳ ತೊಟ್ಟಲಕ್ಕ ನನ್ನ ಹಾಡೇ ಬೇಕಂತ. ಇದೇ ಸೀಡಿ ಬೇಕಂತ.”

ಕೊಟ್ಟುಬಿಡು, ಪೀಡೆ ಹೋಗಲಿ ಎಂದೆ.

“ಕೊಡ್ತೀನಿ. ಆದ್ರ ಅವರ ಸೋದರತ್ತಿ ಭಾಳ ನಾಜೂಕ ಅದಾಳಂತ. ಸೀಡಿ ಜೋಡಿ ನೀನೂ ಜರಾ ಹೋಗಿ ಬಗ್ಗಿ ಬಾರವ್ವ.”