ಉಪ್ಪು ಬಡಿಸುವ ವಯಸ್ಸು

ತನಗೆ ವಯಸ್ಸಾಯಿತು ಎಂಬುದು ಮನುಷ್ಯನಿಗೆ ಕನ್ನಡಿಯಿಂದ ಗೊತ್ತಾಗುತ್ತದೆ ಎಂದು ಹಲವರು ಹೇಳುತ್ತಾರೆ. ನನಗೆ ಕನ್ನಡಿಯ ಮೇಲೆ ಅಷ್ಟು ವಿಶ್ವಾಸ ಇಲ್ಲ. ದಿನಾ ನೋಡುವ ಮುಖ ದಿನಾ ನಿನ್ನೆಯ ಹಾಗೆಯೇ ಇರುತ್ತದೆ. ಹೆಚ್ಚೆಂದರೆ ಬಚ್ಚಲಿನ ಬಲ್ಬು ಬದಲಾಯಿಸಬೇಕು ಅನ್ನಿಸುತ್ತದೆ. ಮಕ್ಕಳು ಅಂಕಲ್ ಎಂದು ಕರೆದ ದಿನ ಗೊತ್ತಾಯಿತು ಎನ್ನುವವರೂ ಇದ್ದಾರೆ. ಅದನ್ನೂ ನಂಬಬೇಡಿ. ಈಗಿನ ಮಕ್ಕಳು ಮೀಸೆ ಬಂದ ಯಾರನ್ನೂ ಬಿಡುವುದಿಲ್ಲ. ನನ್ನನ್ನು ಕೇಳಿದರೆ, ನಮ್ಮ ಕಡೆಯ ಗಂಡಸಿಗೆ ವಯಸ್ಸಾದದ್ದು ಗೊತ್ತಾಗುವುದು ಊಟದ ಪಂಕ್ತಿಯಲ್ಲಿ. ಅದೂ ಉಣ್ಣುವಾಗ ಅಲ್ಲ, ಬಡಿಸುವಾಗ.

ತೋಡಾರಿನಲ್ಲಿ ನಮ್ಮ ಮನೆಯ ಹತ್ತಿರ ಒಂದು ಭಜನಾ ಮಂದಿರ ಉಂಟು. ವರ್ಷಕ್ಕೊಮ್ಮೆ ಅಲ್ಲಿ ಊರಿಗೆಲ್ಲ ಊಟ. ಅಡುಗೆಗೆ ಭಟ್ಟರು ಬರುತ್ತಾರೆ, ಬಡಿಸುವುದು ಮಾತ್ರ ಊರವರೇ. ಈ ಬಡಿಸುವುದರಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ ಒಂದು ಮೇಲು ಕೀಳು ಇದೆ. ಅನ್ನದ ಬುಟ್ಟಿ ತೋಳಿನಲ್ಲಿ ಬಲ ಇದ್ದವರಿಗೆ. ಸಾರು, ಸಾಂಬಾರು, ಪಾಯಸದ ಬಕೆಟ್ಟು ಅವರ ನಂತರದವರಿಗೆ. ಪಲ್ಯ, ಕೋಸಂಬರಿ ಹೊಸದಾಗಿ ಸೇರಿದವರಿಗೆ. ಉಪ್ಪು, ಉಪ್ಪಿನಕಾಯಿ ಶಾಲೆಗೆ ಹೋಗುವ ಮಕ್ಕಳಿಗೆ, ಇಲ್ಲವೇ ಇನ್ನು ಬೇರೇನೂ ಆಗದವರಿಗೆ. ಅದಕ್ಕೂ ಆಗದವರನ್ನು ಬಾಗಿಲಲ್ಲಿ ನಿಲ್ಲಿಸಿ, ಬಂದವರಿಗೆ ಕೈಮುಗಿಯುವ ಕೆಲಸ ಕೊಡುತ್ತಾರೆ. ಅಲ್ಲಿಂದ ಮುಂದಿನ ಬಡ್ತಿಯೆಂದರೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ.

ನಾನು ಅನ್ನದ ಬುಟ್ಟಿಯವನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ ಅನ್ನಿ. ಕಾಲೇಜಿನ ಕಾಲದಲ್ಲಿ ಡಾಲ್ಡಾ ಡಬ್ಬಿಗಳಿಗೆ ಸಿಮೆಂಟು ತುಂಬಿಸಿ, ನಡುವೆ ಕಬ್ಬಿಣದ ಪೈಪು ನೆಟ್ಟು, ಅದನ್ನು ಸಂಜೆ ಸಂಜೆ ಎತ್ತಿ ಬೆಳೆಸಿದ ತೋಳು ನನ್ನದು. ಒಮ್ಮೆ ಬೆಳ್ತಂಗಡಿಯಲ್ಲಿ ನೆಂಟರ ಮದುವೆಗೆ ಹೋದವನು, ಎರಡು ಕೈಯಲ್ಲೂ ಒಂದೊಂದು ಅನ್ನದ ಬುಟ್ಟಿ ಹಿಡಿದು ಪಂಕ್ತಿಯ ನಡುವೆ ಓಡಾಡುತ್ತಿದ್ದೆ. ಊಟಕ್ಕೆ ಕುಳಿತಿದ್ದ ಒಬ್ಬರು ಹೆಂಗಸು ಪಕ್ಕದವರಲ್ಲಿ, ಈ ಗಟ್ಟಿ ಹುಡುಗ ಯಾರ ಮಗ ಎಂದು ವಿಚಾರಿಸಿದರು. ಅವರ ಅಕ್ಕನ ಮಗಳೇ ಹರಿಣಾಕ್ಷಿ. ಮುಂದಿನ ವರ್ಷ ಅವಳು ನಮ್ಮ ಮನೆ ತುಂಬಿದಳು. ನಮ್ಮ ಸಂಸಾರ ನಿಂತಿರುವುದು ಅನ್ನದ ಬುಟ್ಟಿಯ ಮೇಲೆ ಎಂದರೆ ತಪ್ಪಿಲ್ಲ. ಅಂಥ ನನ್ನ ಕೈಗೆ ಕಳೆದ ವರ್ಷ, ಬಡಿಸುವವರ ಯಜಮಾನ ವಸಂತಣ್ಣ, ಉಪ್ಪಿನ ತಟ್ಟೆ ಕೊಟ್ಟರು.

"ಶೇಖರಣ್ಣ, ನೀವು ಇದನ್ನು ಹಿಡ್ಕೊಳ್ಳಿ. ಸೊಂಟ ಜಾಗ್ರತೆ ಮಾಡಬೇಕಲ್ಲ" ಎಂದರು. ಅವರ ದನಿಯಲ್ಲಿ ವ್ಯಂಗ್ಯ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಇದ್ದದ್ದು ಕಾಳಜಿ. ಕಾಳಜಿಯನ್ನು ಎದುರಿಸುವುದು ಹೇಗೆ ಹೇಳಿ? ಬಾಯಿ ಮುಚ್ಚಿಕೊಂಡು ಉಪ್ಪು ಬಡಿಸಿದೆ. ಸಾಲದ್ದಕ್ಕೆ ಮಾರನೆಯ ದಿನ ಸೊಂಟ ಹಿಡಿದುಕೊಂಡಿತು. ಉಪ್ಪು ಹೊತ್ತು ಸೊಂಟ ಹಿಡಿಯಿತು ಎಂದು ಬಿ.ಸಿ.ರೋಡಿನ ಕಚೇರಿಯಲ್ಲಿ ಯಾರಿಗೆ ಹೇಳಲಿ? ಬೈಕಿನಿಂದ ಜಾರಿದೆ ಎಂದೆ. ಆ ವಾರವೇ ತೀರ್ಮಾನ ಮಾಡಿದೆ: ಮತ್ತೆ ಭಾರ ಎತ್ತುವುದು, ಮುಂದಿನ ವರ್ಷ ಅನ್ನದ ಬುಟ್ಟಿಯನ್ನು ವಾಪಸು ಪಡೆಯುವುದು.

ಮೂಡಬಿದಿರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಜಿಮ್ ಉಂಟು. ಒಬ್ಬನೇ ಹೋಗಲು ನಾಚಿಕೆ. ಹಾಗಾಗಿ ಹರಿಣಾಕ್ಷಿಯನ್ನೂ ಹೊರಡಿಸಿದೆ. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಬಲಭುಜ ಹಿಡಿದುಕೊಂಡು, ಕೈ ಕಿವಿಯಿಂದ ಮೇಲೆ ಹೋಗುತ್ತಿರಲಿಲ್ಲ. ಮೇಲಿನ ಹಲಗೆಯಿಂದ ಉಪ್ಪಿನಕಾಯಿಯ ಭರಣಿ ಇಳಿಸುವುದಕ್ಕೂ ನನ್ನನ್ನು ಕರೆಯಬೇಕಿತ್ತು. ಡಾಕ್ಟರರು ಕೈಗೆ ವ್ಯಾಯಾಮ ಕೊಡಿ ಎಂದಿದ್ದರು. "ಈ ಕೈಗೆ ಇಷ್ಟು ವರ್ಷ ರಜೆ ಕೊಟ್ಟವರು ಯಾರು?" ಎಂದು ಅವಳು ಕೇಳಿದ್ದಳು. ಕೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.

ಜಿಮ್ ನಡೆಸುವವರು ಜಿನರಾಜರು ಎಂಬ ಜೈನರು. ನನ್ನದೇ ವಯಸ್ಸು, ಆದರೆ ಅಂಗಿಯ ತೋಳು ಬಿಗಿಯಾಗುವುದು ತೋಳಿನಿಂದಲೇ. ನಮ್ಮ ಹಾಗೆ ಹೊಟ್ಟೆ ಎಳೆದು ಬಿಗಿಯಾಗುವುದಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನುಷ್ಯ. ಮೊಟ್ಟೆ ಇಲ್ಲ, ಮೀನು ಇಲ್ಲ, ನೀರುಳ್ಳಿ ಕೂಡ ಇಲ್ಲ. ಮೀನು ತಿನ್ನದಿದ್ದರೆ ಮೈಗೆ ಶಕ್ತಿ ಬರುವುದಿಲ್ಲ ಎಂದು ಇಷ್ಟು ವರ್ಷ ಮನೆಯಲ್ಲಿ ವಾದಿಸಿ ಬಂಗುಡೆ ತರಿಸುತ್ತಿದ್ದವನು ನಾನು. ಅವರನ್ನು ಕಂಡ ಹರಿಣಾಕ್ಷಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆಗೆ ತಿರುಗಿದೆ. ಜಿಮ್ಮಿನಲ್ಲಿ ಗೋಡೆ ಎಲ್ಲಿಯದು? ನಾಲ್ಕೂ ಕಡೆ ಕನ್ನಡಿ, ನಾಲ್ಕೂ ಕಡೆ ಹೊಸ ಟೀ ಶರ್ಟಿನ ನಾನು.

ಮೊದಲ ದಿನ ಜಿನರಾಜರು ನಮ್ಮಿಬ್ಬರ ಕೈಗೂ ಒಂದೊಂದು ಪ್ಲಾಸ್ಟಿಕ್ ಪೈಪು ಕೊಟ್ಟು, ಇದನ್ನು ಹಿಡಿದು ಕುಳಿತು ಎದ್ದೇಳಿ ಎಂದರು. ನನಗೆ ಅವಮಾನವಾಯಿತು. ಸಿಮೆಂಟು ಎತ್ತಿದವನಿಗೆ ಪೈಪೇ? ಅವರು ಆಚೆ ಹೋದದ್ದೇ ತಡ, ಮೂಲೆಯಲ್ಲಿದ್ದ ಕಬ್ಬಿಣದ ಸರಳಿಗೆ ಎರಡೂ ಕಡೆ ಭಾರದ ಬಿಲ್ಲೆ ಏರಿಸಿ, ಹಳೆಯ ನೆನಪಿನ ಬಲದಿಂದ ಎತ್ತಿಯೇ ಬಿಟ್ಟೆ. ಎತ್ತಿದ್ದು ನಿಜ. ನೆನಪಿಗೆ ಸ್ನಾಯು ಬೇಕಾಗುವುದಿಲ್ಲ, ಅದು ಏನನ್ನೂ ಎತ್ತುತ್ತದೆ. ಮಾರನೆಯ ದಿನ ಕಚೇರಿಗೆ ಹೋಗುವ ಬಂಟ್ವಾಳದ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಕೈ ಏಳಲಿಲ್ಲ, ಸೀಟು ಸಿಕ್ಕಿದರೆ ಕುಳಿತುಕೊಳ್ಳಲು ಕಾಲು ಒಪ್ಪಲಿಲ್ಲ. ಕಂಡಕ್ಟರ್ ಎದುರು ಹೋಗಿ ಎದುರು ಹೋಗಿ ಎನ್ನುತ್ತಿದ್ದ. ಡ್ರೈವರ್ ಬ್ರೇಕು ಹಾಕಿದಾಗ ನಾನು ಎದುರು, ಬಸ್ಸು ಹೊರಟಾಗ ಹಿಂದೆ ಹೋಗುತ್ತಾ ಸಿದ್ಧಕಟ್ಟೆ ದಾಟಿದೆ. ಬರಿಯ ಪೈಪು ಹಿಡಿದವಳು ಮನೆಯಲ್ಲಿ ಆರಾಮವಾಗಿ ಬ್ಲೌಸು ಹೊಲಿಯುತ್ತಿದ್ದಳು.

ಅಲ್ಲಿಂದ ಮುಂದಿನ ಕತೆಯಲ್ಲಿ ನನ್ನ ಪಾಲು ಕಡಿಮೆ. ನಾನು ಒಂದು ವಾರ ಹೋಗುವುದು, ಒಂದು ವಾರ ನೋವೆಂದು ಮಲಗುವುದು. ಹರಿಣಾಕ್ಷಿ ಚೂಡಿದಾರದ ಶಾಲನ್ನು ಪಿನ್ನು ಹಾಕಿ ಬಿಗಿದು, ಹಾಕಿದ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವವಳ ತಾಳ್ಮೆಯಲ್ಲಿ ತಿಂಗಳುಗಟ್ಟಲೆ ಪೈಪು ಹಿಡಿದಳು. ಆಮೇಲೆ ಸರಳು, ಆಮೇಲೆ ಸಣ್ಣ ಬಿಲ್ಲೆ, ಆಮೇಲೆ ಅದಕ್ಕಿಂತ ದೊಡ್ಡದು. ಮಳೆ ಎಂದು ನಿಲ್ಲಿಸಲಿಲ್ಲ, ನೆಂಟರೆಂದು ನಿಲ್ಲಿಸಲಿಲ್ಲ. ಆರಂಭದಲ್ಲಿ ಅವಳನ್ನು ನೋಡಿ ಒಳಗೊಳಗೇ ನಗುತ್ತಿದ್ದವರು, ಅವಳು ಸರಳಿನ ಮುಂದೆ ನಿಂತರೆ ತಮ್ಮ ಕೆಲಸ ಬಿಟ್ಟು ನೋಡುವ ಹಾಗಾದರು. ಭಾರ ಎತ್ತುವಾಗ ಅವಳ ಮುಖದಲ್ಲಿ ಸೂಜಿಗೆ ನೂಲು ಪೋಣಿಸುವಾಗಿನ ಅದೇ ಗಮನ. ನಾನು ಎತ್ತುವಾಗ ಹೊರಡುವ ಸದ್ದಿಗೆ ಕೆಳಗಿನ ಅಂಗಡಿಯವರು ಒಮ್ಮೆ ಮೇಲೆ ಬಂದು ವಿಚಾರಿಸಿ ಹೋಗಿದ್ದಾರೆ. "ಸೊಂಟದಿಂದ ಬಗ್ಗುವುದಲ್ಲ ಮಾರಾಯ್ರೆ, ಬೆನ್ನು ನೆಟ್ಟಗೆ ಇಟ್ಟು ಕುಳಿತು ಏಳುವುದು. ನಿಮ್ಮ ಮನೆಯವರನ್ನು ನೋಡಿ ಕಲಿಯಿರಿ" ಎಂದು ಜಿನರಾಜರು ನನಗೆ ಹೇಳುವುದು ದಿನದ ಪಾಠವಾಯಿತು. ಪಾಠ ಕೇಳುತ್ತಿದ್ದೆ. ಕಲಿತೆನೆಂದು ಹೇಳಲಾರೆ.

ಒಂದು ದಿನ ಊಟಕ್ಕೆ ಕುಳಿತಾಗ ತಟ್ಟೆಯ ಬದಿಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ಭರಣಿ ಇಳಿಸಿದ್ದು ಯಾರು ಎಂದು ಕೇಳಿದೆ. ಅವಳು ಬಲಗೈಯನ್ನು ನೆಟ್ಟಗೆ ಮೇಲೆತ್ತಿ, ಸೀಲಿಂಗಿಗೆ ಬೆರಳು ತೋರಿಸಿ, ಇಳಿಸಿದಳು. ಆ ಕೈ ಅಷ್ಟು ಮೇಲೆ ಹೋದದ್ದನ್ನು ನಾನು ಯಾವ ಕಾಲದಿಂದ ನೋಡಿರಲಿಲ್ಲವೋ. ನನಗೆ ತುಂಬಾ ಸಂತೋಷವಾಯಿತು. ಸ್ವಲ್ಪ ಬೇಜಾರೂ ಆಯಿತು, ಸುಳ್ಳು ಯಾಕೆ ಹೇಳಲಿ? ಮನೆಯಲ್ಲಿ ನನ್ನನ್ನು ಕರೆಯಬೇಕಾದ ಕೆಲಸವೆಂದು ಉಳಿದಿದ್ದದ್ದು ಅದೊಂದೇ.

ಇಷ್ಟರಲ್ಲಿ ಮಂದಿರದ ಊಟದ ದಿನ ಬಂತು. ದೇವರ ದಯೆಯಿಂದ ಅದೇ ದಿನ ಸಿದ್ಧಕಟ್ಟೆಯ ಕಡೆ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯ. ಅನ್ನದ ಬುಟ್ಟಿಯ ಅರ್ಧ ಬಳಗ ಅಲ್ಲಿಗೆ ಹೋಗಿತ್ತು. ವಸಂತಣ್ಣ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ನನಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೇ? ಪಂಚೆ ಎತ್ತಿ ಕಟ್ಟಿ, ಅಂಗಿಯ ತೋಳು ಮಡಚಿ, ಅವರ ಕಣ್ಣಿಗೆ ಬೀಳುವ ಹಾಗೆ ಮೂರು ದಿಕ್ಕಿನಿಂದ ಹಾದುಹೋದೆ. ಒಮ್ಮೆ ಕೈ ಮೇಲೆತ್ತಿ ಬೆನ್ನು ಕೂಡ ತುರಿಸಿಕೊಂಡೆ, ತೋಳು ಕಾಣಲಿ ಎಂದು.

ಅಡುಗೆಯ ಚಪ್ಪರದ ಬಾಗಿಲಲ್ಲಿ ಅನ್ನ ತುಂಬಿದ ಒಂದು ದೊಡ್ಡ ಬುಟ್ಟಿ ನೆಲದ ಮೇಲೆ ದಾರಿಗೆ ಅಡ್ಡ ಇತ್ತು. ತರಕಾರಿ ಹೆಚ್ಚುವವರ ಜತೆಗಿದ್ದ ಹರಿಣಾಕ್ಷಿ, ಯಾರಾದರೂ ಎಡವಿಯಾರು ಎಂದು ಎದ್ದು ಬಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾಲು ಅಗಲ ಮಾಡಿ, ಬೆನ್ನು ನೆಟ್ಟಗೆ ಇಟ್ಟು, ಮೊಣಕಾಲು ಬಗ್ಗಿಸಿ ಕುಳಿತು, ಬುಟ್ಟಿಯನ್ನು ಮೈಗೆ ತಾಗಿಸಿ ಎದ್ದು, ಬೆಂಚಿನ ಮೇಲೆ ಇಟ್ಟಳು. ಅಷ್ಟೇ. ಉಸಿರು ಕೂಡ ಹೆಚ್ಚಾಗಲಿಲ್ಲ. ಅನ್ನ ಬಸಿಯುತ್ತಿದ್ದ ಭಟ್ಟರು ಸೌಟು ಹಿಡಿದೇ ತಿರುಗಿ ನೋಡಿದರು. ವಸಂತಣ್ಣ ನನ್ನನ್ನು ದಾಟಿ ಅವಳ ಹತ್ತಿರ ಹೋದರು.

"ಹರಿಣಕ್ಕ, ಅನ್ನ ನೀವು ಬಡಿಸ್ತೀರಾ?"

ನಮ್ಮ ಮಂದಿರದಲ್ಲಿ ಹೆಂಗಸರು ಪಾಯಸ, ಪಲ್ಯ ಬಡಿಸಿದ್ದುಂಟು. ಅನ್ನದ ಬುಟ್ಟಿ ಹಿಡಿದದ್ದಿಲ್ಲ. ಅವಳು ವಸಂತಣ್ಣನ ಮುಖ ನೋಡಲಿಲ್ಲ. ನನ್ನ ಮುಖ ನೋಡಿದಳು. ಆ ಬುಟ್ಟಿಗಾಗಿ ನಾನು ಒಂದು ವರ್ಷ ನರಳಿದ್ದು ಅವಳಿಗೆ ಗೊತ್ತು. ನರಳಿದಾಗ ಎಣ್ಣೆ ತಿಕ್ಕಿದವಳೇ ಅವಳು. "ಇವರಿಗೆ ಕೊಡಿ" ಎಂದಳು. ವಸಂತಣ್ಣ ಅನುಮಾನದಲ್ಲಿ ನನ್ನ ಕಡೆ ತಿರುಗಿದರು. ಬುಟ್ಟಿ ಕೈಯಳತೆಯಲ್ಲಿತ್ತು. ಹೂಂ ಎಂದರೆ ನನ್ನದು.

"ಅವಳೇ ಹಿಡಿಯಲಿ ವಸಂತಣ್ಣ. ನನಗಿಂತ ಅವಳ ಬೆನ್ನು ನೆಟ್ಟಗೆ ಉಂಟು" ಎಂದೆ. ನನ್ನ ಬಾಯಿಯಿಂದ ಆ ಮಾತು ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಹೇಳಿದ ಮರುಕ್ಷಣವೇ ಕಣ್ಣು ಬುಟ್ಟಿಯ ಕಡೆ ಹೋಯಿತು. ಆದರೆ ಅವಳ ಮುಖ ಅರಳಿದ್ದನ್ನು ನೋಡಿದೆ ನೋಡಿ, ಮಾತು ವಾಪಸು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಖಾಲಿ ನಿಂತ ನನ್ನ ಕೈಗೆ ವಸಂತಣ್ಣ ಮೆತ್ತಗೆ ಉಪ್ಪಿನ ತಟ್ಟೆ ಇಟ್ಟರು.

ಪಂಕ್ತಿಯಲ್ಲಿ ಮೊದಲು ಹೋಗುವುದು ಉಪ್ಪು. ನಾನು ಮುಂದೆ, ನಡುವೆ ಪಲ್ಯ ಕೋಸಂಬರಿಯವರು, ಹಿಂದೆ ಅನ್ನ ಹಿಡಿದ ಹರಿಣಾಕ್ಷಿ. ಒಬ್ಬ ಅಜ್ಜಿಯ ಎಲೆಗೆ ಉಪ್ಪು ಹಾಕುತ್ತಿದ್ದಾಗ ಆಕೆ ಕುತ್ತಿಗೆ ಉದ್ದ ಮಾಡಿ, "ಅಲ್ಲಿ ಅನ್ನ ಬಡಿಸುವ ಗಟ್ಟಿ ಹೆಂಗಸು ಯಾರು ಮಗಾ?" ಎಂದು ಕೇಳಿದಳು. ನನಗೆ ಬೆಳ್ತಂಗಡಿಯ ಮದುವೆ ನೆನಪಾಯಿತು. "ನನ್ನ ಹೆಂಡತಿ" ಎಂದೆ. ಅಷ್ಟು ಹೆಮ್ಮೆಯಿಂದ ಆ ಎರಡು ಶಬ್ದವನ್ನು ನಾನು ಹಿಂದೆಂದೂ ಹೇಳಿರಲಿಲ್ಲ. ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನಿನ್ನ ಪುಣ್ಯ. ಇನ್ನು ಸ್ವಲ್ಪ ಉಪ್ಪು ಹಾಕು" ಎಂದಳು.

ಉಪ್ಪು ಬಡಿಸುವುದನ್ನು ಹಗುರ ಎಂದು ತಿಳಿದವರಿಗೆ ಒಂದು ಮಾತು. ಅನ್ನವನ್ನು ಅರ್ಧ ಬಗ್ಗಿದರೆ ಎಲೆಗೆ ಜಾರಿಸಬಹುದು. ಉಪ್ಪನ್ನು ಎಲೆಯ ಮೂಲೆಗೇ ಹಾಕಬೇಕು, ಅದಕ್ಕೆ ನೆಲದವರೆಗೆ ಬಗ್ಗಬೇಕು. ಕಳೆದ ವರ್ಷ ಸೊಂಟ ಹಿಡಿದದ್ದು ಯಾಕೆಂದು ಆಗ ತಲೆಗೆ ಹೋಯಿತು. ಈ ಸಲ ಜಿನರಾಜರ ಪಾಠವನ್ನು ನೆನೆದು, ಪ್ರತಿ ಎಲೆಯ ಮುಂದೆಯೂ ಬೆನ್ನು ನೆಟ್ಟಗೆ ಇಟ್ಟು, ಮೊಣಕಾಲು ಬಗ್ಗಿಸಿ ಕುಳಿತು ಎದ್ದೆ. ಎಲೆಯಾದ ಮೇಲೆ ಎಲೆ, ಪಂಕ್ತಿಯಾದ ಮೇಲೆ ಪಂಕ್ತಿ. ಹಿಂದಿನಿಂದ "ಬೇಗ ಹೋಗಿ, ಅನ್ನ ಬಂತು" ಎಂಬ ಗದರಿಕೆ ಬೇರೆ. ಗದರುತ್ತಿದ್ದವಳು ಯಾರೆಂದು ಹೇಳಬೇಕಾಗಿಲ್ಲ. ಜಿಮ್ಮಿನಲ್ಲಿ ಇಡೀ ವರ್ಷ ಮಾಡದಷ್ಟು ವ್ಯಾಯಾಮ ನನಗೆ ಆ ಒಂದು ಮಧ್ಯಾಹ್ನ ಆಯಿತು.

ಮಾರನೆಯ ಬೆಳಿಗ್ಗೆ ಸೊಂಟ ಒಂದಿಷ್ಟೂ ನೋಯಲಿಲ್ಲ. ಖುಷಿಯಿಂದ ಚಹಾಕ್ಕೆಂದು ಮಣೆಯ ಮೇಲೆ ಕುಳಿತೆ. ಕುಳಿತದ್ದೇ ಬಂತು. ತೊಡೆಗಳೆರಡೂ ನಮ್ಮಿಂದಾಗದು ಎಂದು ಮುಷ್ಕರ ಹೂಡಿದವು. ಬಸ್ಸಿಗೆ ಹೊತ್ತಾಗುತ್ತಿತ್ತು. ಬಹಳ ಹೊತ್ತು ಮರ್ಯಾದೆ ನೋಡಿ, ಕೊನೆಗೆ ಕರೆದೆ. ಹರಿಣಾಕ್ಷಿ ಮಿಷನ್ನು ನಿಲ್ಲಿಸಿ ಬಂದಳು. ನನ್ನ ಮುಂದೆ ಕಾಲು ಅಗಲ ಮಾಡಿ ನಿಂತಳು, ಬೆನ್ನು ನೆಟ್ಟಗೆ ಇಟ್ಟಳು, ಮೊಣಕಾಲು ಬಗ್ಗಿಸಿದಳು, ಎರಡೂ ಕಂಕುಳಿಗೆ ಕೈ ಹಾಕಿ, "ಉಸಿರು ಬಿಡಿ" ಎಂದು ನನ್ನನ್ನು ಎತ್ತಿ ನಿಲ್ಲಿಸಿ, ಮತ್ತೆ ಹೊಲಿಗೆಗೆ ಹೋದಳು.

ಜಿನರಾಜರು ಮೊನ್ನೆ, ನಿಮ್ಮ ಮನೆಯವರು ಇಲ್ಲಿಯವರೆಗೆ ಎತ್ತಿದ್ದರಲ್ಲಿ ಅತಿ ಹೆಚ್ಚು ಭಾರ ಯಾವುದು ಗೊತ್ತುಂಟಾ ಎಂದು ನನ್ನಲ್ಲಿ ಕೇಳಿದರು. ಗೋಡೆಯ ಪಕ್ಕ ಜೋಡಿಸಿಟ್ಟ ಬಿಲ್ಲೆಗಳನ್ನು ತೋರಿಸುವ ಉತ್ಸಾಹ ಅವರದು. ನನಗೆ ಉತ್ತರ ಗೊತ್ತಿತ್ತು. ಆ ಭಾರ ಅವರ ಎದುರಿಗೇ, ಪೈಪು ಹಿಡಿದು ನಿಂತಿತ್ತು.